ಲೆಕ್ಕ ಇಟ್ಟಿಲ್ಲ

2024ರ ಸೆಪ್ಟೆಂಬರ್‌ನ ಒಂದು ಶನಿವಾರ. ಬೆಳಗ್ಗೆ ಹತ್ತೂವರೆ ಇರಬೇಕು, ನಾವು ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆವು. ಬಾಗಿಲ ಬೆಲ್ ಹೊಡೀತು. ಊರಿಂದ ಬಂದಿದ್ದ ನಮ್ಮಪ್ಪ ಹೋಗಿ ಬಾಗಿಲು ತೆಗೆದರು. ಹೊರಗೆ ಆರಡಿ ಎತ್ತರದ ಬಿಳಿ ಮನುಷ್ಯ, ಅರವತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಕರಪತ್ರಗಳ ಕಟ್ಟು. ಅವರು ಇಂಗ್ಲಿಷಿನಲ್ಲಿ ಹೇಳಿದ್ದರಲ್ಲಿ ಅಪ್ಪನಿಗೆ ತಿಳಿದದ್ದು ಮೂರೇ ಪದ: ರಿಟೈರ್ಡ್ ಪೊಲೀಸ್ ಆಫೀಸರ್. ನಾವು ಕೈ ಒರೆಸಿಕೊಂಡು ಹೊರಗೆ ಬರೋ ಹೊತ್ತಿಗೆ ಅಪ್ಪ ಹಿಮ್ಮಡಿ ಕೂಡಿಸಿ, ಎದೆ ಸೆಟೆಸಿ ಸಲ್ಯೂಟ್ ಹೊಡೆದು ನಿಂತಿದ್ದರು. ಉಟ್ಟಿದ್ದು ಲುಂಗಿ, ಮೇಲೊಂದು ಕಾಸ್ಟ್‌ಕೋ ಸ್ವೆಟರ್. ಆ ಮನುಷ್ಯನಿಗೆ ಏನನ್ನಿಸಿತೋ, ಕರಪತ್ರದ ಕಟ್ಟನ್ನು ಎಡಗೈಗೆ ದಾಟಿಸಿ ಅವರೂ ಒಂದು ಸಲ್ಯೂಟ್ ಹೊಡೆದರು.

ನಮ್ಮೂರಿನ ಪೊಲೀಸ್ ಇಲಾಖೆಯಲ್ಲೇ ಇಪ್ಪತ್ತೆಂಟು ವರ್ಷ ಇದ್ದು ರಿಟೈರ್ ಆದವರು, ಸಿಟಿ ಕೌನ್ಸಿಲ್‌ಗೆ ನಿಂತಿದ್ದಾರೆ, ಓಟು ಕೇಳೋಕೆ ಬಂದಿದ್ದಾರೆ. (ಈಸ್ಟ್ ಬೇ ಕಡೆಯ ಊರು ಅಂದುಕೊಳ್ಳಿ. ಊರಿನ ಹೆಸರು, ಅವರ ಹೆಸರು ಎರಡೂ ಬರೆಯುತ್ತಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.) ಒಳಗೆ ಕರೆದು ಕೂರಿಸಿದೆವು. ಫಿಲ್ಟರ್ ಕಾಫಿ ಕೊಟ್ಟೆವು, ಸಕ್ಕರೆ ಜಾಸ್ತಿ ಆಯ್ತೇನೋ, ಅರ್ಧ ಕುಡಿದು ಇಟ್ಟರು. ಅಪ್ಪನೂ ಪೊಲೀಸ್ ಅಂತ ತಿಳಿದ ಮೇಲೆ ಮಾತು ಸಲೀಸಾಯಿತು, ನಾವು ಮಧ್ಯೆ ಕೂತು ದುಭಾಷಿ ಕೆಲಸ. ಎಷ್ಟು ವರ್ಷ ಸರ್ವಿಸ್, ನೈಟ್ ಬೀಟ್ ಇತ್ತಾ, ಮಂಡಿ ನೋವು ಇದೆಯಾ. ಮಂಡಿ ನೋವು ಇಬ್ಬರಿಗೂ ಇತ್ತು.

ಹೊರಡೋ ಹೊತ್ತಿಗೆ ಅಪ್ಪ ನಮ್ಮ ಕಡೆ ತಿರುಗಿ, "ಒಂದು ಕೇಳಪ್ಪಾ ಸಾಹೇಬ್ರನ್ನ. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಸಲ ಪಿಸ್ತೂಲು ತೆಗ್ದಿದ್ದಾರೆ ಅಂತ" ಅಂದರು.

ನಮಗೆ ಮುಜುಗರ. ಆದರೂ ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾರಿಸಿದ್ದು ಒಂದು ಸಲವೂ ಇಲ್ಲ. ತೆಗೆದದ್ದು..." ಅಂತ ನಿಲ್ಲಿಸಿ, "ಲೆಕ್ಕ ಇಟ್ಟಿಲ್ಲ" ಅಂದರು.

ಅಪ್ಪ ಕನ್ನಡದಲ್ಲಿ ಮತ್ತೆ ಕೇಳಿದರು. "ಲೆಕ್ಕ ಇಟ್ಟಿಲ್ವಂತಾ?"

ಅದನ್ನು ನಾವು ಅನುವಾದ ಮಾಡಲಿಲ್ಲ.

ನಮ್ಮಪ್ಪ ಶಿವಮೊಗ್ಗ ಜಿಲ್ಲೆಯಲ್ಲಿ ಕಾನ್ಸ್‌ಟೇಬಲ್ ಆಗಿ ಸೇರಿ, ಮೂವತ್ತನಾಲ್ಕು ವರ್ಷ ದುಡಿದು ಹೆಡ್ ಕಾನ್ಸ್‌ಟೇಬಲ್ ಆಗಿ ರಿಟೈರ್ ಆದವರು. ನಾವು ಬೆಳೆದದ್ದು ಪೊಲೀಸ್ ಕ್ವಾರ್ಟರ್ಸಿನ ಎರಡು ಕೋಣೆ ಮನೆಯಲ್ಲಿ. ಪರೇಡಿನ ಹಿಂದಿನ ರಾತ್ರಿ ಬ್ರಾಸೋ ಹಾಕಿ ಬೆಲ್ಟಿನ ಬಕಲ್ ಉಜ್ಜೋದು ಮಕ್ಕಳ ಕೆಲಸ. ಅಪ್ಪನ ಕೈಗೆ ಸರ್ಕಾರ ಕೊಟ್ಟದ್ದು ಲಾಠಿ. ಬಂದೋಬಸ್ತ್ ದಿನ ರೈಫಲ್ ಕೊಟ್ಟರೆ ಸಂಜೆ ಸ್ಟೇಷನ್ನಿಗೆ ವಾಪಸ್ ಒಪ್ಪಿಸಿ, ಗುಂಡು ಎಣಿಸಿ, ರಿಜಿಸ್ಟರಿಗೆ ಸಹಿ ಹಾಕಬೇಕು. ಒಂದು ಗುಂಡು ಕಡಿಮೆ ಬಂದರೆ ಮನೆಗೆ ಹೋಗೋ ಹಾಗಿಲ್ಲ. ಬಿ.ಕಾಂ. ಓದೋಕೆ ಮೊದಲೇ ನಮಗೆ ಸ್ಟಾಕ್ ರಿಜಿಸ್ಟರ್ ಅಂದರೇನು ಅಂತ ಗೊತ್ತಾದದ್ದು ಅಲ್ಲೇ.

ನಮ್ಮ ಕಡೆ ಪೊಲೀಸರು ರಾಜಕೀಯಕ್ಕೆ ಬರೋದು ಹೊಸದಲ್ಲ. ಆದರೆ ನಮಗೆ ನೆನಪಾಗೋರು ಹೆಚ್ಚಾಗಿ ಐಪಿಎಸ್ ಸಾಹೇಬರು. ಅಪ್ಪನ ಬಾಯಲ್ಲಿ ಮೊದಲು ಬರೋ ಹೆಸರು ಎಚ್.ಟಿ. ಸಾಂಗ್ಲಿಯಾನ. ಮಿಜೋರಾಂನಿಂದ ಬಂದ ಅಧಿಕಾರಿ. 1988ರಲ್ಲಿ ಶಂಕರ್‌ನಾಗ್ ಅವರ ಹೆಸರಿನ ಪಾತ್ರ ಮಾಡಿದ 'ಸಾಂಗ್ಲಿಯಾನ' ಬಂದಾಗ ಕ್ವಾರ್ಟರ್ಸಿನ ಅಷ್ಟೂ ಮನೆಯವರು ಟಾಕೀಸಿಗೆ ಹೋಗಿದ್ದೆವು. 2004ರಲ್ಲಿ ಅವರು ಬಿಜೆಪಿಯಿಂದ ಬೆಂಗಳೂರು ಉತ್ತರದಲ್ಲಿ ನಿಂತು ಜಾಫರ್ ಷರೀಫ್ ಅವರನ್ನೇ ಸೋಲಿಸಿದರು. 2008ರ ವಿಶ್ವಾಸಮತದಲ್ಲಿ ಪಕ್ಷದ ಮಾತು ಮೀರಿ ಮನಮೋಹನ್ ಸಿಂಗ್ ಸರ್ಕಾರದ ಪರ ಓಟು ಹಾಕಿದ್ದಕ್ಕೆ ಪಕ್ಷದಿಂದ ಹೊರಗೆ ಹಾಕಿದರು. 2009ರಲ್ಲಿ ಕಾಂಗ್ರೆಸ್ಸಿನಿಂದ ಬೆಂಗಳೂರು ಸೆಂಟ್ರಲ್‌ನಲ್ಲಿ ನಿಂತು ಸೋತರು. ಈಚೆಗೆ ಅಣ್ಣಾಮಲೈ, ಭಾಸ್ಕರ್ ರಾವ್. ಎಲ್ಲರೂ ದೊಡ್ಡ ಸಾಹೇಬರೇ. ಒಬ್ಬ ದಫೇದಾರ್ ರಿಟೈರ್ ಆಗಿ ಪುರಸಭೆಗೆ ನಿಂತದ್ದು ನಾವು ನೋಡಿಲ್ಲ. ನಿಂತು ಗೆದ್ದರೂ ಪೊಲೀಸ್ ಇಲಾಖೆ ಮೇಲೆ ಅವನಿಗೆ ಯಾವ ಅಧಿಕಾರವೂ ಇರಲ್ಲ. ಪೊಲೀಸ್ ರಾಜ್ಯ ಸರ್ಕಾರದ್ದು, ಪುರಸಭೆಗೆ ನಲ್ಲಿ ನೀರು, ಚರಂಡಿ, ಬೀದಿದೀಪ.

ಇಲ್ಲಿ ಹಾಗಲ್ಲ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಹತ್ತು ಹದಿನೈದು ವರ್ಷ ಇದ್ದರೂ ಗೊತ್ತಿರಲ್ಲ. ಇಲ್ಲಿ ಪೊಲೀಸ್ ಊರಿನದೇ ಇಲಾಖೆ. ಸಂಬಳ, ಕಾರು, ಬಂದೂಕು, ಪೆನ್ಷನ್ನಿಗೆ ತುಂಬೋ ಹಣ, ಎಲ್ಲಾ ಊರಿನ ಬಜೆಟ್ಟಿನಿಂದ. ಹೆಚ್ಚಿನ ಊರುಗಳಲ್ಲಿ ಚೀಫನ್ನು ನೇಮಿಸೋದು ಸಿಟಿ ಮ್ಯಾನೇಜರ್, ಆ ಮ್ಯಾನೇಜರನ್ನು ನೇಮಿಸೋದು ಕೌನ್ಸಿಲ್. ಸಾಂಟಾ ಕ್ಲಾರಾದಲ್ಲಂತೂ ಪೊಲೀಸ್ ಚೀಫನ್ನೇ ಜನ ಓಟು ಹಾಕಿ ಆರಿಸುತ್ತಾರೆ. ಅಂದರೆ ರಿಟೈರ್ ಆದ ಪೊಲೀಸ್ ಕೌನ್ಸಿಲ್‌ಗೆ ಗೆದ್ದರೆ, ನಿನ್ನೆ ಕೆಲಸ ಮಾಡಿದ ಇಲಾಖೆಗೆ ಇವತ್ತು ಯಜಮಾನ.

ಅಪ್ಪ ಕರಪತ್ರ ತಿರುಗಿಸಿ ನೋಡಿ "ಗುರುತು ಯಾವುದು?" ಅಂತ ಕೇಳಿದರು. ಗುರುತೂ ಇಲ್ಲ, ಪಕ್ಷವೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಊರ ಮಟ್ಟದ ಚುನಾವಣೆ ಪಕ್ಷದ ಹೆಸರಿಲ್ಲದೆ ನಡೆಯುತ್ತೆ. ಬ್ಯಾಲೆಟ್ಟಿನಲ್ಲಿ ಹೆಸರಿನ ಕೆಳಗೆ ಉದ್ಯೋಗ ಬರೆಯಬಹುದು, ಅದಕ್ಕೆ ಸಿಗೋದು ಮೂರು ಪದ. ವ್ಯಾಪಾರದವರು 'ಸ್ಮಾಲ್ ಬಿಸಿನೆಸ್ ಓನರ್' ಅಂತಾರೆ. ಇವರದು 'ರಿಟೈರ್ಡ್ ಪೊಲೀಸ್ ಆಫೀಸರ್'. ಅಭ್ಯರ್ಥಿ ಯಾರು ಅಂತಲೇ ಗೊತ್ತಿಲ್ಲದ ಅರ್ಧ ಜನ ಆ ಮೂರು ಪದ ನೋಡಿ ಗುರುತು ಹಾಕುತ್ತಾರೆ, ನಮ್ಮೂರಲ್ಲಿ ಹಸ್ತ, ಕಮಲ, ತೆನೆ ಹೊತ್ತ ಮಹಿಳೆ ನೋಡಿ ಹಾಕೋ ಹಾಗೆ.

ಅಪ್ಪ ಆ ಪ್ರಶ್ನೆ ಯಾಕೆ ಕೇಳಿದರು ಅನ್ನೋದಕ್ಕೆ ಜೂನ್ ತಿಂಗಳಿಗೆ ಹೋಗಬೇಕು.

ಅಪ್ಪ ದಿನಾ ಬೆಳಗ್ಗೆ ಆರಕ್ಕೆ ವಾಕಿಂಗ್ ಹೋಗುತ್ತಿದ್ದರು. ವಾಪಸ್ ಬರುವಾಗ ಪೂಜೆಗೆ ಹೂವು. ಇಲ್ಲಿಯ ಬೇಲಿಗಳಲ್ಲಿ ದಾಸವಾಳ ಯಾರಿಗೂ ಬೇಡವಾಗಿ ಫುಟ್‌ಪಾತಿಗೆ ಬಾಗಿರುತ್ತೆ. "ಬೇಡಿ ಅಪ್ಪಾ, ಇಲ್ಲಿ ಕೀಳಬಾರದು" ಅಂತ ಹೇಳಿದ್ದೆವು. "ಬೇಲಿ ಒಳಗೆ ಕೈ ಹಾಕಲ್ಲ, ಹೊರಗೆ ಬಂದಿರೋದು ದೇವರಿಗೆ" ಅಂತ ಅವರ ಕಾನೂನು. ಇಂಗ್ಲಿಷ್ ಬರಲ್ಲವಲ್ಲ ಅಂತ ನಾವೇ ಒಂದು ಚೀಟಿ ಬರೆದು ಅವರ ಸ್ವೆಟರಿನ ಜೇಬಿಗೆ ಹಾಕಿದ್ದೆವು: ಇವರಿಗೆ ಇಂಗ್ಲಿಷ್ ಬರುವುದಿಲ್ಲ, ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ. ಯಾರು ನಿಲ್ಲಿಸಿದರೂ ಇದನ್ನು ತೆಗೆದು ತೋರಿಸಿ ಅಂತ ಪಾಠ ಮಾಡಿದ್ದೆವು.

ಯಾರೋ 911ಕ್ಕೆ ಫೋನ್ ಮಾಡಿದ್ದಾರೆ, ಅಪರಿಚಿತ ಮನುಷ್ಯ ಮನೆಗಳ ಬೇಲಿ ಹತ್ತಿರ ಬಗ್ಗಿ ನೋಡುತ್ತಿದ್ದಾನೆ ಅಂತ. ಕಾರು ಬಂದು ನಿಂತಿತು. ಇಳಿದವನು ಇಪ್ಪತ್ತೈದು ಇಪ್ಪತ್ತಾರರ ಹುಡುಗ. ಏನೋ ಕೇಳಿದ. ಅಪ್ಪ ನಾವು ಹೇಳಿಕೊಟ್ಟ ಹಾಗೇ ಮಾಡಿದರು. ಚೀಟಿ ತೆಗೆಯೋಕೆ ಜೇಬಿಗೆ ಕೈ ಹಾಕಿದರು.

ಹುಡುಗ ಕೂಗಿದ. ಅವನ ಬಲಗೈ ಸೊಂಟದ ಪಿಸ್ತೂಲಿನ ಮೇಲೆ ಹೋಯಿತು. ಅಪ್ಪನಿಗೆ ಭಾಷೆ ಗೊತ್ತಿಲ್ಲದಿದ್ದರೂ ಆ ಭಂಗಿ ಗೊತ್ತಾಯಿತು. ಎರಡೂ ಕೈ ಮೇಲೆತ್ತಿ ನಿಂತರು, ಪ್ಲಾಸ್ಟಿಕ್ ಕವರಿನ ಹೂವೆಲ್ಲ ಕೆಳಗೆ. ಆಮೇಲೆ ಹುಡುಗ ಹತ್ತಿರ ಬಂದು, ತಾನೇ ಜೇಬಿಂದ ಚೀಟಿ ತೆಗೆದು ಓದಿ, ನಮಗೆ ಫೋನ್ ಮಾಡಿ, ಕಾರಲ್ಲೇ ಮನೆಗೆ ತಂದು ಬಿಟ್ಟ. ಮರ್ಯಾದೆಯಾಗಿಯೇ ಮಾತಾಡಿದ, ಸರ್ ಅಂದ. "ಕೈ ಯಾವಾಗಲೂ ಕಾಣೋ ಹಾಗೆ ಇಟ್ಟುಕೊಳ್ಳೋಕೆ ಹೇಳಿ" ಅಂತ ಹೇಳಿ ಹೋದ.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ತಲೆಯಲ್ಲಿ ಇದ್ದದ್ದು ಸುರೇಶ್‌ಭಾಯ್ ಪಟೇಲ್. 2015ರ ಫೆಬ್ರವರಿ, ಅಲಬಾಮಾದ ಮ್ಯಾಡಿಸನ್. ಗುಜರಾತಿನಿಂದ ಮೊಮ್ಮಗನನ್ನು ನೋಡಿಕೊಳ್ಳೋಕೆ ಬಂದಿದ್ದ 57 ವರ್ಷದವರು. ಮಗನ ಮನೆ ಬೀದಿಯಲ್ಲೇ ನಡೆಯುತ್ತಿದ್ದರು. ಅಲ್ಲೂ ಯಾರೋ ಫೋನ್ ಮಾಡಿದ್ದೇ. ಪೊಲೀಸಿನವನು ನೆಲಕ್ಕೆ ಕೆಡವಿದ ಪೆಟ್ಟಿಗೆ ಬೆನ್ನುಮೂಳೆಗೆ ಏಟಾಗಿ ಕೈಕಾಲು ಸ್ವಾಧೀನ ತಪ್ಪಿತು. ಎರಡು ಸಲ ವಿಚಾರಣೆ ನಡೆದರೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಕೊನೆಗೆ ಜಡ್ಜ್ ಆ ಪೊಲೀಸನನ್ನು ಖುಲಾಸೆ ಮಾಡಿದರು. ಆ ವಿಡಿಯೋ ನೋಡಿದ ವಾರ ಇಲ್ಲಿ ಎಷ್ಟು ಮನೆಗಳಲ್ಲಿ ಅಪ್ಪ ಅಮ್ಮಂದಿರ ವಾಕಿಂಗ್ ನಿಲ್ಲಿಸಿದರೋ. ನಾವು ಚೀಟಿ ಬರೆದಿಟ್ಟ ಜಾಣರು. ಆ ಚೀಟಿಯೇ ಕೈಯನ್ನು ಜೇಬಿಗೆ ಕರೆದುಕೊಂಡು ಹೋಯಿತು. ದಯವಿಟ್ಟು ನಿಮ್ಮ ಮನೆಗಳಲ್ಲಿ ಇಂಥ ಚೀಟಿ ಇದ್ದರೆ ಜೇಬಿಂದ ತೆಗೆದು, ಶಾಲೆ ಮಕ್ಕಳ ಐಡಿ ಕಾರ್ಡಿನ ಹಾಗೆ ಕೊರಳಿಗೆ ಹಾಕಿ.

ಅಪ್ಪ ಮಾತ್ರ ಹುಡುಗನನ್ನು ಬೈಯಲಿಲ್ಲ. "ಅವನಿಗೆ ಹೆದರಿಕೆ ಕಣೋ. ಕೈ ನಡುಗ್ತಿತ್ತು. ನಮ್ಮಲ್ಲಿ ಹೊಸ ಪಿ.ಸಿ.ಗಳು ಹಿಂಗೇ, ಜೊತೇಲಿ ಹಳಬ ಒಬ್ಬ ಇರ್ಬೇಕು" ಅಂದರು. ಮಾರನೇ ದಿನದಿಂದ ವಾಕಿಂಗ್ ಹಿತ್ತಲಲ್ಲಿ, ಹನ್ನೆರಡು ಹೆಜ್ಜೆ ಆ ಕಡೆ, ಹನ್ನೆರಡು ಈ ಕಡೆ.

ಇಷ್ಟಾದರೂ ನಮ್ಮ ಬಳಗದಲ್ಲಿ ಆ ಸಲ ಎಲ್ಲರ ಒಲವೂ ರಿಟೈರ್ಡ್ ಪೊಲೀಸ್ ಕಡೆಗೇ. ಕಾರಣ ಬಂಗಾರ. ಅದೇ ಜೂನಿನಲ್ಲಿ ಸನ್ನಿವೇಲ್‌ನ ಪಿ.ಎನ್.ಜಿ. ಜ್ಯುವೆಲರ್ಸ್‌ಗೆ ಹಾಡಹಗಲೇ ಸುಮಾರು 20 ಜನ ಸುತ್ತಿಗೆ ಹಿಡಿದು ನುಗ್ಗಿದ್ದರು. ಭಾರತದವರ ಮನೆಯಲ್ಲಿ ಒಡವೆ ಇರುತ್ತೆ ಅಂತ ಕಳ್ಳರಿಗೂ ಗೊತ್ತು. ದೀಪಾವಳಿ ಹತ್ತಿರ ಬಂದರೆ ಹೆಂಗಸರು ಕೊರಳಿನ ಸರ ತೆಗೆದಿಟ್ಟೇ ಅಂಗಡಿಗೆ ಹೋಗೋದು. ನಮ್ಮ ಮನೆಯವರೂ ಅದೇ ಪಕ್ಷ: "ಕಳ್ಳರನ್ನ ಹಿಡಿಯೋದು ಗೊತ್ತಿರೋರು ಒಬ್ಬರಾದ್ರೂ ಅಲ್ಲಿ ಕೂತಿರ್ಲಿ."

ಒಬ್ಬ ಸ್ನೇಹಿತರ ಮನೆಯಲ್ಲಿ ಅಭ್ಯರ್ಥಿಗೆ ಚಹಾಕೂಟ ಇಟ್ಟುಕೊಂಡರು. ಬೋಂಡ, ಕೇಸರಿಬಾತ್, ಕೊನೆಗೆ ಚಂದಾ. ಹೊಸದಾಗಿ ಬಂದ ಇಬ್ಬರು ಹುಡುಗರು ನೂರು ನೂರು ಡಾಲರಿನ ಚೆಕ್ ಬರೆಯೋಕೆ ಹೊರಟಿದ್ದರು, ಇಬ್ಬರೂ ಎಚ್-1ಬಿ. ನಾವು ಕೈ ಹಿಡಿದು ನಿಲ್ಲಿಸಿದೆವು. ಈ ಪತ್ರಿಕೆಯ ಓದುಗರಲ್ಲಿ ಬಹುಪಾಲು ವೀಸಾ ಮೇಲೆ ಇರುವವರು, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇವೆ. ಗ್ರೀನ್ ಕಾರ್ಡ್ ಇದ್ದವರು ಚುನಾವಣೆಗೆ ಚಂದಾ ಕೊಡಬಹುದು. ಎಚ್-1ಬಿ, ಎಲ್-1, ವಿದ್ಯಾರ್ಥಿ ವೀಸಾದವರು ಒಂದು ಡಾಲರನ್ನೂ ಕೊಡೋ ಹಾಗಿಲ್ಲ. ಫೆಡರಲ್ ಕಾನೂನು ಅದು, ಊರ ಕೌನ್ಸಿಲ್ ಚುನಾವಣೆಗೂ ಲಾಗೂ. ಸಂಬಳ ಇಲ್ಲದೆ ಸ್ವಯಂಸೇವಕರಾಗಿ ಕರಪತ್ರ ಹಂಚಬಹುದು. ಓಟು ನಾಗರಿಕರಿಗೆ ಮಾತ್ರ, ಗ್ರೀನ್ ಕಾರ್ಡ್‌ಗೂ ಇಲ್ಲ. 2018ರಲ್ಲಿ ಡಿಎಂವಿ ಕಂಪ್ಯೂಟರ್ ತಪ್ಪಿನಿಂದ ಅರ್ಹತೆ ಇಲ್ಲದ ಸುಮಾರು 1,500 ಜನ ಮತದಾರರ ಪಟ್ಟಿಗೆ ಸೇರಿಬಿಟ್ಟಿದ್ದರು, ಲೈಸೆನ್ಸ್ ಮಾಡಿಸುವಾಗ ಆ ಪ್ರಶ್ನೆಯನ್ನು ಕಣ್ಣಿಟ್ಟು ಓದಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾತ್ರ, 2016ರಲ್ಲಿ ಒಪ್ಪಿದ ಕಾಯ್ದೆ ಪ್ರಕಾರ, ಮಕ್ಕಳಿರೋ ನಾಗರಿಕರಲ್ಲದವರೂ ಸ್ಕೂಲ್ ಬೋರ್ಡ್ ಚುನಾವಣೆಗೆ ಓಟು ಹಾಕಬಹುದು. ಆ ಹುಡುಗರು ಚೆಕ್ ಹರಿದರು, ಇನ್ನೊಂದು ರೌಂಡ್ ಬೋಂಡ ತಿಂದರು.

ನಮಗೆ ಅದು ಮೊದಲನೇ ಓಟು. 2007ರಲ್ಲಿ ಬಂದವರು ನಾವು. ನಮ್ಮ ಮೂರು ವರ್ಷದ ಬಿ.ಕಾಂ. ಇಲ್ಲಿಯ ನಾಲ್ಕು ವರ್ಷದ ಡಿಗ್ರಿಗೆ ಸಮ ಅಲ್ಲ ಅಂತ ಇಬಿ-3 ಸಾಲಿನಲ್ಲಿ ನಿಂತು, 2018ರ ಕೊನೆಗೆ ಗ್ರೀನ್ ಕಾರ್ಡ್, 2024ರಲ್ಲಿ ಪ್ರಮಾಣವಚನ. ಹದಿನೇಳು ವರ್ಷ ಟ್ಯಾಕ್ಸ್ ಕಟ್ಟಿ ಮೊದಲ ಬ್ಯಾಲೆಟ್ ಕೈಗೆ ಬರೋದಿತ್ತು. ಸುಮ್ಮನೆ ಹಾಕೋಕೆ ಮನಸ್ಸು ಬರಲಿಲ್ಲ.

ಲೆಕ್ಕಪತ್ರದವರಿಗೆ ಪೊಲೀಸ್ ಅಂದ ತಕ್ಷಣ ನೆನಪಾಗೋದು ಸ್ಯಾನ್ ಹೋಸೆ. 2011ರಿಂದ ನಾಲ್ಕು ವರ್ಷ ನಾವು ಅಲ್ಲಿದ್ದೆವು. ಊರಿನ ಪೆನ್ಷನ್ ಖರ್ಚು ಹತ್ತು ವರ್ಷದಲ್ಲಿ 7.3 ಕೋಟಿ ಡಾಲರಿನಿಂದ 24.5 ಕೋಟಿಗೆ ಏರಿತ್ತು. ಲೈಬ್ರರಿ ಮುಚ್ಚುತ್ತಿದ್ದರು. ಮೇಯರ್ ಚಕ್ ರೀಡ್ ನೌಕರರ ಪೆನ್ಷನ್ ಕಡಿತಕ್ಕೆ ಮೆಷರ್ ಬಿ ತಂದರು. 2012ರ ಜೂನ್‌ನಲ್ಲಿ ಸುಮಾರು 70 ಶೇಕಡಾ ಜನ ಹೌದು ಅಂದರು. ಓಟು ಇಲ್ಲದಿದ್ದರೂ ನಾವು ಆಫೀಸಿನ ಕ್ಯಾಂಟೀನಿನಲ್ಲಿ ಕೂತು ಹೌದು ಅಂದವರೇ. ಜಮಾ ಖರ್ಚು ತಾಳೆ ಆಗದಿದ್ದರೆ ಕಡಿತ ಮಾಡಲೇಬೇಕಲ್ಲ. ನಮ್ಮ ಕಾಲಮ್ಮಿನಲ್ಲಿ ಬಾರದೇ ಇದ್ದದ್ದು ಏನಂದರೆ, ಪೊಲೀಸರು ಪಕ್ಕದ ಊರುಗಳಿಗೆ ಎದ್ದು ಹೋದರು. ಒಂದು ಕಾಲಕ್ಕೆ 1,400ರ ಹತ್ತಿರ ಇದ್ದ ಪೊಲೀಸರು ಕೆಲವೇ ವರ್ಷದಲ್ಲಿ ಸಾವಿರಕ್ಕಿಂತ ಕೆಳಗೆ. ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಗೆ ಕಳ್ಳರು ನುಗ್ಗಿದಾಗ ಬಂದು ನೋಡೋಕೆ ಯಾರೂ ಇರಲಿಲ್ಲ, ಆನ್‌ಲೈನ್ ಫಾರ್ಮ್ ತುಂಬಿ ಅಂದರು. ಕೋರ್ಟು ಮೆಷರ್ ಬಿಯ ಕೆಲವು ಭಾಗ ಹೊಡೆದುಹಾಕಿತು, 2016ರಲ್ಲಿ ಮೆಷರ್ ಎಫ್ ಬಂದು ಅದರ ಜಾಗ ತೆಗೆದುಕೊಂಡಿತು.

ಆ ಗಲಾಟೆಯ ನಡುವೆ, 2014ರಲ್ಲಿ, ರಾವುಲ್ ಪೆರಾಲೆಸ್ ಅನ್ನೋ ಸ್ಯಾನ್ ಹೋಸೆ ಪೊಲೀಸ್ ಅಧಿಕಾರಿ ಡೌನ್‌ಟೌನ್ ಕ್ಷೇತ್ರದಿಂದ ಕೌನ್ಸಿಲ್‌ಗೆ ಗೆದ್ದರು. ಪೂರ್ಣ ಕೆಲಸ ಬಿಟ್ಟರು, ಆದರೆ ಸಂಬಳವಿಲ್ಲದ ರಿಸರ್ವ್ ಪೊಲೀಸ್ ಆಗಿ ಯೂನಿಫಾರಂ ಹಾಕೋದು ಬಿಡಲಿಲ್ಲ. ಹಗಲು ಇಲಾಖೆಯ ಬಜೆಟ್ಟಿಗೆ ಕೈ ಎತ್ತಿ, ರಾತ್ರಿ ಅದೇ ಇಲಾಖೆಯ ಕಾರಿನಲ್ಲಿ ಕೂರೋದು. ಆಡಿಟ್ ಮಾಡೋರ ಕಣ್ಣಿಗೆ ಇದು ಚುಚ್ಚುತ್ತೆ. ಒಳಗಿನ ಕಷ್ಟ ಗೊತ್ತಿರೋರು ಒಳಗೆ ಕೂತರೆ ಇಲಾಖೆ ಉಳಿಯುತ್ತೆ ಅನ್ನೋ ವಾದವನ್ನೂ, ಆ ಆನ್‌ಲೈನ್ ಫಾರ್ಮ್ ತುಂಬಿದ ಮೇಲೆ, ನಗಲಾರೆವು.

ಅಕ್ಟೋಬರ್ ಮೊದಲ ವಾರ ಅಪ್ಪನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದುಕೊಂಡು ಹೋದೆವು. ಗೋಲ್ಡನ್ ಗೇಟ್ ಆಯ್ತು, ಚೈನಾಟೌನ್ ಆಯ್ತು. ಕಿಯರ್ನಿ ಸ್ಟ್ರೀಟಿನಲ್ಲಿ ಇಂಟರ್‌ನ್ಯಾಷನಲ್ ಹೋಟೆಲ್ ಇದ್ದ ಜಾಗ ತೋರಿಸಿದೆವು. ಈಗ ಅಲ್ಲಿ 2005ರಲ್ಲಿ ಕಟ್ಟಿದ ವೃದ್ಧರ ವಸತಿ ಇದೆ. ಮೊದಲು ಅದು ಫಿಲಿಪೀನ್ಸಿನಿಂದ, ಚೀನಾದಿಂದ ದುಡಿಯೋಕೆ ಬಂದು, ಹೊಲದಲ್ಲಿ ಹಡಗಿನಲ್ಲಿ ಗೆಯ್ದು, ಮದುವೆ ಸಂಸಾರ ಇಲ್ಲದೆ ಮುದುಕರಾದವರ ಬಾಡಿಗೆ ಕೋಣೆಗಳ ಕಟ್ಟಡ. ಖಾಲಿ ಮಾಡಿಸಲು ಕೋರ್ಟ್ ಆದೇಶ ಬಂತು. ಜಾರಿ ಮಾಡಬೇಕಾದವರು ಶೆರಿಫ್ ರಿಚರ್ಡ್ ಹೊಂಗಿಸ್ಟೊ, ಹತ್ತು ವರ್ಷ ಅದೇ ಊರಿನ ಪೊಲೀಸ್ ಆಗಿದ್ದವರು. ಅವರು ಮಾಡಲ್ಲ ಅಂದರು. ನ್ಯಾಯಾಂಗ ನಿಂದನೆ ಅಂತ ಐದು ದಿನ ಜೈಲಿಗೆ ಹೋದರು. ಆಮೇಲೆ 1977ರ ಆಗಸ್ಟ್ 4ರ ಬೆಳಗಿನ ಜಾವ, ಸಾವಿರಾರು ಜನ ಕೈಕೈ ಹಿಡಿದು ಕಟ್ಟಡ ಸುತ್ತುವರಿದಿದ್ದಾಗ, ಪೊಲೀಸ್ ಪಡೆ ಜೊತೆ ಬಂದು ಅವರೇ ಸುತ್ತಿಗೆ ಎತ್ತಿ ಬಾಗಿಲು ಒಡೆದರು. ಮುದುಕರನ್ನು ಬೀದಿಗೆ ಹಾಕಿದರು. ಅದೇ ಹೊಂಗಿಸ್ಟೊ 1980ರಲ್ಲಿ ಬೋರ್ಡ್ ಆಫ್ ಸೂಪರ್‌ವೈಸರ್ಸ್‌ಗೆ, ಅಂದರೆ ಅಲ್ಲಿಯ ಸಿಟಿ ಕೌನ್ಸಿಲ್‌ಗೆ ಗೆದ್ದು ಹತ್ತು ವರ್ಷ ಇದ್ದರು. 1992ರಲ್ಲಿ ಆರು ವಾರದ ಮಟ್ಟಿಗೆ ಪೊಲೀಸ್ ಚೀಫ್ ಕೂಡ ಆದರು, ತಮ್ಮನ್ನು ಗೇಲಿ ಮಾಡಿದ ಪತ್ರಿಕೆಯ ಪ್ರತಿಗಳನ್ನು ಪೊಲೀಸರು ಎತ್ತಿಕೊಂಡು ಹೋದ ಪ್ರಕರಣದಲ್ಲಿ ಕೆಲಸ ಹೋಯಿತು. ಅವರನ್ನು ನೇಮಿಸಿದ ಮೇಯರ್ ಫ್ರಾಂಕ್ ಜೋರ್ಡನ್ ಕೂಡ ರಿಟೈರ್ಡ್ ಪೊಲೀಸ್ ಚೀಫೇ. ಆ ಪುಣ್ಯಾತ್ಮ 1995ರ ಚುನಾವಣೆ ಹೊತ್ತಿಗೆ ಇಬ್ಬರು ರೇಡಿಯೋ ಜಾಕಿಗಳ ಜೊತೆ ಷವರಿನಲ್ಲಿ ಬರೀ ಮೈಯಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಚುನಾವಣೆಯನ್ನೂ ಸೋತರು.

ಡ್ಯಾನ್ ವೈಟ್ ಕಥೆ ಅಪ್ಪನಿಗೆ ಹೇಳಿದ್ದು ವಾಪಸ್ ಬರೋ ಬಾರ್ಟ್ ರೈಲಿನಲ್ಲಿ. ಮಾಜಿ ಪೊಲೀಸ್, ಆಮೇಲೆ ಅಗ್ನಿಶಾಮಕ ದಳ. 1977ರಲ್ಲಿ ಸೂಪರ್‌ವೈಸರ್ ಆಗಿ ಗೆದ್ದ. ವರ್ಷಕ್ಕೆ 9,600 ಡಾಲರ್ ಸಂಬಳದಲ್ಲಿ ಸಂಸಾರ ನಡೆಯಲ್ಲ ಅಂತ ರಾಜೀನಾಮೆ ಕೊಟ್ಟು, ಮನಸ್ಸು ಬದಲಾಯಿಸಿ ವಾಪಸ್ ಕೇಳಿದ. ಮೇಯರ್ ಒಪ್ಪಲಿಲ್ಲ. 1978ರ ನವೆಂಬರ್ 27ರಂದು ಸಿಟಿ ಹಾಲಿಗೇ ನುಗ್ಗಿ ಮೇಯರ್ ಮಾಸ್ಕೋನಿಯನ್ನೂ ಹಾರ್ವಿ ಮಿಲ್ಕ್‌ರನ್ನೂ ಗುಂಡಿಕ್ಕಿ ಕೊಂದ.

ಅಪ್ಪ ಅದಕ್ಕೆ ಏನೂ ಅನ್ನಲಿಲ್ಲ. ಅವರ ತಲೆ ಇನ್ನೂ ಕಿಯರ್ನಿ ಸ್ಟ್ರೀಟಿನಲ್ಲೇ ಇತ್ತು. "ಆ ಸುತ್ತಿಗೆಯವನ ಕಷ್ಟ ನಂಗೊತ್ತು ಕಣಪ್ಪಾ" ಅಂದರು. ಒಂದು ಸಲ ಬಗರ್‌ಹುಕುಂ ಜಮೀನು ತೆರವಿಗೆ ಬಂದೋಬಸ್ತ್ ಹೋಗಿದ್ದರಂತೆ. ಅಡಿಕೆ ಸಸಿ ಕಡಿಯುತ್ತಿದ್ದಾಗ ಒಬ್ಬ ಅಜ್ಜಿ ಬಂದು ಅಪ್ಪನ ಬೂಟು ಹಿಡಿದುಕೊಂಡಳಂತೆ. "ನೀವೇನು ಮಾಡಿದ್ರಿ?" ಅಂತ ಕೇಳಿದೆವು. "ಡ್ಯೂಟಿ" ಅಂದರು. ಕೋಲಿಸಿಯಂ ಸ್ಟೇಷನ್ ದಾಟೋವರೆಗೂ ಮತ್ತೆ ಮಾತಿಲ್ಲ. ಇಷ್ಟು ವರ್ಷದಲ್ಲಿ ಇದನ್ನು ಅವರು ಮನೆಯಲ್ಲಿ ಹೇಳಿದ್ದೇ ಇಲ್ಲ.

ಲೈಬ್ರರಿಯಲ್ಲಿ ಅಭ್ಯರ್ಥಿಗಳ ಸಭೆ ಇತ್ತು. ಪ್ರಶ್ನೆಗಳನ್ನು ಕಾರ್ಡಿನಲ್ಲಿ ಬರೆದು ಕೊಡಬೇಕು. ನಾವು ಪೆನ್ಷನ್ ಪ್ರಶ್ನೆ ಬರೆಯೋಕೆ ಹೊರಟಿದ್ದೆವು, ಅದು ನಮ್ಮ ಕಸುಬು. ಆದರೆ ಅಪ್ಪನ ಪ್ರಶ್ನೆ ಬಿಡಲಿಲ್ಲ. ಹಿಂದಿನ ದಿನ ಹುಡುಕಿ ನೋಡಿದಾಗ ಗೊತ್ತಾಗಿತ್ತು, ಲೆಕ್ಕ ಇದೆ. 2015ರ ಎಬಿ 953 ಅನ್ನೋ ಕಾನೂನು ಪ್ರಕಾರ ಪೊಲೀಸರು ಯಾರನ್ನು ನಿಲ್ಲಿಸಿದರೂ ಯಾಕೆ ನಿಲ್ಲಿಸಿದರು, ನೋಡೋಕೆ ಯಾವ ಜನಾಂಗದವರ ಹಾಗಿದ್ದರು, ಏನು ಮಾಡಿದರು ಅಂತ ಬರೆದು ರಾಜ್ಯಕ್ಕೆ ಒಪ್ಪಿಸಬೇಕು. ದೊಡ್ಡ ಇಲಾಖೆಗಳಿಂದ ಶುರುವಾಗಿ 2022ರಿಂದ ಚಿಕ್ಕ ಊರುಗಳಿಗೂ ಬಂದಿದೆ. ಬಂದೂಕು ಗುರಿ ಇಟ್ಟಿದ್ದರೆ ಅದಕ್ಕೊಂದು ಕಾಲಂ ಇದೆ. ಇಂಗ್ಲಿಷ್ ಸರಿಯಾಗಿ ಬರದವರು ಅನ್ನೋದಕ್ಕೂ ಇದೆ. ಪಿಸ್ತೂಲಿನ ಮೇಲೆ ಕೈ ಇಟ್ಟದ್ದಕ್ಕೆ ಇಲ್ಲ. ಅಪ್ಪನ ಆ ಬೆಳಗ್ಗೆ ಯಾವ ರಿಜಿಸ್ಟರಿನಲ್ಲಿ ಹೇಗೆ ಏರಿದೆಯೋ.

ಕಾರ್ಡಿನಲ್ಲಿ ಬರೆದೆವು: ರಾಜ್ಯಕ್ಕೆ ಕೊಡೋ ಈ ಲೆಕ್ಕವನ್ನು ವರ್ಷಕ್ಕೊಮ್ಮೆ ಕೌನ್ಸಿಲ್ ಮುಂದೆ, ಬಜೆಟ್ ಒಪ್ಪೋಕೆ ಮೊದಲು, ಚೀಫ್ ಕೈಲಿ ಓದಿಸುತ್ತೀರಾ?

ಬೇರೆ ಇಬ್ಬರು ಅಭ್ಯರ್ಥಿಗಳು ಪಾರದರ್ಶಕತೆ ಬಗ್ಗೆ ಭಾಷಣ ಮಾಡಿದರು. ನಮ್ಮ ಸಾಹೇಬರು ಸಭೆಯಲ್ಲಿ ಅಪ್ಪನನ್ನು ಹುಡುಕಿ ನೋಡಿ, "ಓದಿಸುತ್ತೇನೆ. ಇಷ್ಟವಿಲ್ಲದೆ ಓದಿಸುತ್ತೇನೆ. ನನ್ನ ಹಳೇ ಸ್ನೇಹಿತರಿಗೂ ಇದು ಇಷ್ಟ ಆಗಲ್ಲ" ಅಂದರು. ಚಪ್ಪಾಳೆ ಬೀಳಲಿಲ್ಲ.

ಅಕ್ಟೋಬರ್ ಕೊನೆಗೆ ಅಪ್ಪ ಊರಿಗೆ ಹೊರಟರು. ಬ್ಯಾಲೆಟ್ ಅಷ್ಟರಲ್ಲಿ ಅಂಚೆಯಲ್ಲಿ ಬಂದಿತ್ತು. ಮನೆಗೆ ಎರಡು ಲಕೋಟೆ. ಊಟದ ಮೇಜಿನ ಮೇಲೆ ಎದುರುಬದುರು ಕೂತು ತುಂಬಿದೆವು. ಇಷ್ಟು ಹೊತ್ತು ನಾವು ನಾವು ಅಂತ ಬರೆದೆವಲ್ಲ, ಆ ಒಂದು ಸಾಲಿನಲ್ಲಿ ಮಾತ್ರ ನಾವು ಇಬ್ಬರಾದೆವು. ಒಬ್ಬರು ಆ ಮೂರು ಪದದ ಪಕ್ಕ ಶಾಯಿ ತುಂಬಿದರು, ಇನ್ನೊಬ್ಬರು ತುಂಬಲಿಲ್ಲ. ಯಾರು ಯಾವುದು ಅಂತ ಬರೆಯಲ್ಲ.

ಅವರು ಗೆದ್ದರು, ಬಹಳ ಕಡಿಮೆ ಅಂತರದಲ್ಲಿ.

2025ರ ಮೇ ತಿಂಗಳಲ್ಲಿ ಬಜೆಟ್ ಸಭೆ. ಜುಲೈ 1ಕ್ಕೆ ಹೊಸ ಲೆಕ್ಕದ ವರ್ಷ, ಅದಕ್ಕೆ ಮೊದಲು ಒಪ್ಪಬೇಕು. ಓದುಗರು ಒಂದು ಗಮನಿಸಿ: 1953ರ ಬ್ರೌನ್ ಆಕ್ಟ್ ಪ್ರಕಾರ ಕೌನ್ಸಿಲ್ ಸಭೆಯಲ್ಲಿ ಯಾರು ಬೇಕಾದರೂ ಮಾತಾಡಬಹುದು. ಓಟು ಇರಬೇಕಾಗಿಲ್ಲ, ಪೌರತ್ವ ಯಾರೂ ಕೇಳಲ್ಲ, ಹೆಸರು ಹೇಳಲೇಬೇಕು ಅಂತಲೂ ಇಲ್ಲ. ಚೆಕ್ ಹರಿದಿದ್ದ ಆ ಇಬ್ಬರು ಹುಡುಗರನ್ನೂ ಕರೆದುಕೊಂಡು ಹೋದೆವು. ನಮಗೆ ಸಿಕ್ಕಿದ್ದು ಎರಡು ನಿಮಿಷ. ದಾಸವಾಳದ ಕಥೆ ಹೇಳಿದೆವು, ಪೊಲೀಸ್ ಬಜೆಟ್ಟಿನ ಪುಟದ ನಂಬರ್ ಹೇಳಿದೆವು, ಈ ಹಣದ ಜೊತೆ ಆ ಲೆಕ್ಕವೂ ಬರಲಿ ಅಂದೆವು. ಹುಡುಗರಲ್ಲಿ ಒಬ್ಬ ತನ್ನ ಎರಡು ನಿಮಿಷದಲ್ಲಿ ಇಪ್ಪತ್ತು ಸೆಕೆಂಡು ಮಾತ್ರ ಮಾತಾಡಿ, ಬೆವರಿ ವಾಪಸ್ ಬಂದ.

ಸಾಹೇಬರು ಮೈಕ್ ಹತ್ತಿರ ಎಳೆದುಕೊಂಡು, ಕಳೆದ ವರ್ಷದ ಅಂಕಿಗಳನ್ನು ಮುಂದಿನ ಸಭೆಗೆ ತರೋಕೆ ಆಗುತ್ತಾ ಅಂತ ಚೀಫನ್ನು ಕೇಳಿದರು. ಚೀಫ್ ಸಿಬ್ಬಂದಿ ಜೊತೆ ಮಾತಾಡಿ ಹೇಳ್ತೀನಿ ಅಂದರು. ಒಬ್ಬ ಗುಮಾಸ್ತೆ ಬರೆದುಕೊಂಡಳು.

ರಾತ್ರಿ ಹತ್ತಕ್ಕೆ ಮನೆಗೆ ಬಂದು ಊರಿಗೆ ಫೋನ್ ಮಾಡಿದೆವು. ಅಲ್ಲಿ ಬೆಳಗ್ಗೆ ಹತ್ತೂವರೆ, ಅಪ್ಪ ಆಗಷ್ಟೇ ಪೂಜೆ ಮುಗಿಸಿದ್ದರು.

"ಲೆಕ್ಕ ಕೊಟ್ರಾ?"

"ಕೇಳಿದ್ದೀವಿ ಅಪ್ಪಾ. ಬರ್ಕೊಂಡಿದ್ದಾರೆ."

"ಯಾರು ಬರ್ಕೊಂಡ್ರು, ಸಹಿ ಇದೆಯಾ?" ಅಂದರು.